"ನಮ್ಮ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಗೊತ್ತಾ" ಅಂದರೆ ಏನು ಹೇಳಬೇಕು?

ಪ್ರಶ್ನೆ

ಸುಸ್ತಾಗಿದೆ ಅಂದರೆ ಸಾಕು, ದೊಡ್ಡವರಿಂದ ಒಂದೇ ಮಾತು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮೈಲಿಗಟ್ಟಲೆ ನಡೀತಿದ್ವಿ, ಬಾವಿಯಿಂದ ನೀರು ಸೇದ್ತಿದ್ವಿ, ನಿಮಗೆ ಎಲ್ಲ ಕೂತಲ್ಲಿಗೇ ಬರುತ್ತೆ." ಅವರು ಹೇಳುವುದು ಸುಳ್ಳಲ್ಲ. ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ಬೆಳಕು, ಬಟ್ಟೆ ಒಗೆಯಲು ಮಷೀನ್. ಆದರೂ ರಾತ್ರಿ ಮಲಗುವಾಗ ಮೈಯಲ್ಲಿ ಶಕ್ತಿ ಇರುವುದಿಲ್ಲ, ತಲೆ ಮಾತ್ರ ಓಡುತ್ತಲೇ ಇರುತ್ತದೆ. ಕೆಲಸದ ಮೆಸೇಜ್ ರಜೆಯ ದಿನವೂ ಬಿಡುವುದಿಲ್ಲ.

ಇಷ್ಟೆಲ್ಲ ಅನುಕೂಲ ಇಟ್ಟುಕೊಂಡು ಕಷ್ಟ ಅನ್ನುವುದು ಸರಿನಾ? ಹಿಂದಿನವರ ಬದುಕು ನಿಜಕ್ಕೂ ಅಷ್ಟು ಕಷ್ಟ ಇತ್ತಾ, ಇಲ್ಲ ಅವರಿಗೆ ನಮಗಿಲ್ಲದ ನೆಮ್ಮದಿ ಇತ್ತಾ? ಸುಮ್ನೆ "ಆ ಕಾಲವೇ ಚೆಂದ" ಅಥವಾ "ಈಗಿನವರು ಸೋಮಾರಿಗಳು" ಅನ್ನುವ ಉತ್ತರ ಬೇಡ. ಯೋಚನೆ ಮಾಡಿ ಹೇಳಿ.

ಉತ್ತರ 1

ನಡಿಗೆ, ಬಾವಿ, ಬಟ್ಟೆ ಒಗೆಯುವುದು, ಇವೆಲ್ಲ ಕಣ್ಣಿಗೆ ಕಾಣುವ ಕಷ್ಟ. ಹೇಳಿಕೊಳ್ಳುವುದಕ್ಕೂ ಸುಲಭ. ಇದಕ್ಕಿಂತ ಎಷ್ಟೋ ದೊಡ್ಡ ಕಷ್ಟ ಮಕ್ಕಳ ಸಾವು, ಅದನ್ನು ಯಾರೂ ಎತ್ತುವುದೇ ಇಲ್ಲ.

1800ಕ್ಕಿಂತ ಹಿಂದೆ ಪ್ರಪಂಚದ ಯಾವ ಭಾಗ ತೆಗೆದುಕೊಂಡರೂ ಹುಟ್ಟಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದೊಡ್ಡವರಾಗುವ ಮೊದಲೇ ಹೋಗುತ್ತಿದ್ದವು. ಈಗ ಐದು ವರ್ಷ ತುಂಬುವ ಮೊದಲು ಸಾಯುವ ಮಕ್ಕಳು ಇಡೀ ಪ್ರಪಂಚದ ಲೆಕ್ಕದಲ್ಲಿ ನೂರಕ್ಕೆ ಸುಮಾರು 4. ಬಡವರಿಗೆ ಮಾತ್ರ ಹಾಗಾಗುತ್ತಿತ್ತು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ರಾಣಿ ಆನ್ 17 ಸಲ ಬಸಿರಾದಳು. ಒಂದು ಮಗುವೂ ದೊಡ್ಡದಾಗಲಿಲ್ಲ. 1687ರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಸಿಡುಬಿಗೆ ಹೋದರು. ಉಳಿದಿದ್ದ ಒಬ್ಬ ಮಗ 11 ವರ್ಷ ತುಂಬಿದ ಕೆಲವೇ ದಿನಕ್ಕೆ ತೀರಿಕೊಂಡ. ಅರಮನೆ, ಆಳುಕಾಳು, ದೇಶದ ದೊಡ್ಡ ದೊಡ್ಡ ವೈದ್ಯರು ಎಲ್ಲ ಇದ್ದು ಹೀಗಾಯಿತು.

ಅದೇನು ತುಂಬಾ ಹಳೆಯ ಕಥೆ ಅನ್ನಿಸಿದರೆ 1924ಕ್ಕೆ ಬನ್ನಿ. ಅಮೆರಿಕದ ಅಧ್ಯಕ್ಷ ಕೂಲಿಡ್ಜ್ ಅವರ 16 ವರ್ಷದ ಮಗ ಸಾಕ್ಸ್ ಇಲ್ಲದೆ ಶೂ ಹಾಕಿಕೊಂಡು ಟೆನಿಸ್ ಆಡಿದ. ಕಾಲ್ಬೆರಳಿಗೆ ಬೊಬ್ಬೆ ಬಂತು. ಬೊಬ್ಬೆ ನಂಜಾಯಿತು, ನಂಜು ರಕ್ತಕ್ಕೆ ಏರಿತು, ಒಂದು ವಾರದಲ್ಲಿ ಹುಡುಗ ಸತ್ತ. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ, ಅದು ಜನರ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ. ಇವತ್ತು ಒಂದು ವಾರದ ಮಾತ್ರೆಯಲ್ಲಿ ಮುಗಿಯುವ ವಿಷಯಕ್ಕೆ ಆಗ ಒಬ್ಬ ಅಧ್ಯಕ್ಷರ ಕೈಲೂ ಏನೂ ಮಾಡಲು ಆಗಲಿಲ್ಲ.

ಸಿಡುಬು ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅಂದರೆ ಆ ಭಯವನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ. "ನಮ್ಮ ಕಾಲದಲ್ಲಿ" ಅಂತ ಅವರು ಶುರು ಮಾಡಿದಾಗ ತಡೆಯಬೇಡಿ. ಬಾವಿಯ ವಿಷಯ ಮುಗಿದ ಮೇಲೆ "ಜ್ವರ ಬಂದರೆ ಏನು ಮಾಡ್ತಿದ್ರಿ" ಅಂತ ಕೇಳಿ ನೋಡಿ.

ಉತ್ತರ 2

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಬಾವಿಯ ವಿಷಯವನ್ನು ಅಷ್ಟು ಬೇಗ ದಾಟುವುದು ಬೇಡ.

20 ಲೀಟರ್ ನೀರು ಅಂದರೆ 20 ಕೆಜಿ, ಪಾತ್ರೆಯ ತೂಕ ಬೇರೆ. ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 50 ಲೀಟರ್ ಬೇಕು ಅಂತ ಲೆಕ್ಕ. ಐದು ಜನರ ಮನೆಗೆ 250 ಲೀಟರ್ ಆಯಿತು, ಹನ್ನೆರಡು ಹದಿಮೂರು ಸಲ ಹೊರಬೇಕು. ಹಾಗಾಗಿ ಯಾರೂ ಅಷ್ಟು ತರುತ್ತಿರಲಿಲ್ಲ, ಇದ್ದದ್ದರಲ್ಲೇ ತೂಗಿಸುತ್ತಿದ್ದರು. ಹಗ್ಗ ಎಳೆದು ಎಳೆದು ಅಂಗೈ ಗಟ್ಟಿಯಾಗಿರುತ್ತಿತ್ತು, ಮಳೆಗಾಲದಲ್ಲಿ ಅದೇ ಒದ್ದೆ ಹಗ್ಗ ಜಾರಿ ಬೆರಳಿನ ಚರ್ಮ ಕಿತ್ತು ಬರುತ್ತಿತ್ತು, ಆ ಕೈಯಲ್ಲೇ ಮತ್ತೆ ಬಟ್ಟೆ, ಪಾತ್ರೆ, ಒಲೆ. ಒಲೆ ಅಂದರೆ ಹೊಗೆ. ಊದಿ ಊದಿ ಕಣ್ಣು ಕೆಂಪಾಗಿ, ಕೆಮ್ಮಿಕೊಂಡೇ ಅಡುಗೆ ಮುಗಿಸಬೇಕು.

ಈ ಕೆಲಸವನ್ನೆಲ್ಲ ಮಾಡಿದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. "ಆಗ ಎಷ್ಟು ನೆಮ್ಮದಿ ಇತ್ತು" ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ಬರುವ ಪ್ರಶ್ನೆ, ಯಾರಿಗೆ ಇತ್ತು? ಜಗುಲಿಯಲ್ಲಿ ಕೂತು ಹರಟಿದವರಿಗೆ ಇತ್ತು. ಒಳಗಿದ್ದವರನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ಇದೆಲ್ಲ "ಹಿಂದಿನ ಕಾಲ" ಅನ್ನುವುದು ನಮಗೆ ಮಾತ್ರ. ಪ್ರಪಂಚದಲ್ಲಿ ಇವತ್ತಿಗೂ 200 ಕೋಟಿಗೂ ಜಾಸ್ತಿ ಜನ ಸೌದೆ, ಇದ್ದಿಲು, ಸೀಮೆಎಣ್ಣೆ, ಬೆರಣಿ ಇಂಥದ್ದರಲ್ಲೇ ಹೊಗೆಯ ನಡುವೆ ಅಡುಗೆ ಮಾಡುತ್ತಿದ್ದಾರೆ. ಮನೆಯಲ್ಲಿ ನೀರಿಲ್ಲದ ಕುಟುಂಬಗಳನ್ನು ತೆಗೆದುಕೊಂಡರೆ ಹತ್ತರಲ್ಲಿ ಏಳು ಮನೆಗಳಲ್ಲಿ ನೀರು ತರುವುದು ಹೆಣ್ಣುಮಕ್ಕಳದ್ದೇ ಕೆಲಸ. ನಮ್ಮ ಅಜ್ಜಿಯ ದಿನಚರಿಯೇ ಅವರ ಇವತ್ತಿನ ದಿನಚರಿ.

ಉತ್ತರ 3

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹಿಂದೆ ಕಷ್ಟ ಇತ್ತು, ಒಪ್ಪಿದೆ. ಅಂದ ಮಾತ್ರಕ್ಕೆ ಈಗಿನ ಸುಸ್ತು ಸುಳ್ಳಾಗುತ್ತದಾ? ಹೊಲದ ಕೆಲಸ ಕತ್ತಲಾದರೆ ನಿಲ್ಲುತ್ತಿತ್ತು, ನಿಲ್ಲಲೇಬೇಕಿತ್ತು. ಈಗ ಕತ್ತಲಾದರೂ ಕೆಲಸ ಫೋನಿನಲ್ಲಿ ಮನೆಗೆ ಬರುತ್ತದೆ. ಮೊದಲು ಮೈ ನೋಯುತ್ತಿತ್ತು, ಮಲಗಿದರೆ ಕಣ್ಣು ತುಂಬಾ ನಿದ್ದೆ. ಈಗ ಮೈ ಕೂತೇ ಇರುತ್ತದೆ, ಮನಸ್ಸಿಗೆ ಬಿಡುವಿಲ್ಲ. ಕಷ್ಟ ಬಂದಾಗ ಹೇಳಿಕೊಳ್ಳಲು ಸುತ್ತಮುತ್ತ ಹತ್ತು ಜನ ಇರುತ್ತಿದ್ದರು, ಅದೂ ಹೋಯಿತು. ಪ್ರಶ್ನೆ ಕೇಳಿದವರೇ, ನಿಮಗೆ ಸುಸ್ತಾಗಿದ್ದರೆ ಆಗಿದೆ. ಅದಕ್ಕೆ ಯಾರ ಅನುಮತಿಯೂ ಬೇಡ.

ಉತ್ತರ 4

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಕರೆಂಟ್ ಇಲ್ಲದೆ ಬದುಕುವ ಮೂರು ಸಮುದಾಯಗಳನ್ನು, ಟಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ, ಇವರ ನಿದ್ದೆಯನ್ನು ಕೈಗೆ ಯಂತ್ರ ಕಟ್ಟಿ ಅಳೆದ ಅಧ್ಯಯನ 2015ರಲ್ಲಿ ಬಂತು. ಅವರು ಮಲಗುತ್ತಿದ್ದದ್ದು ಸರಾಸರಿ ಆರೇಳು ಗಂಟೆ, ನಮ್ಮ ಹಾಗೇ. ಕತ್ತಲಾದ ಕೂಡಲೇ ಮಲಗುತ್ತಲೂ ಇರಲಿಲ್ಲ, ಸೂರ್ಯ ಮುಳುಗಿ ಮೂರು ಗಂಟೆ ಆದ ಮೇಲೆ ಮಲಗುತ್ತಿದ್ದರು. ಒಂದು ವ್ಯತ್ಯಾಸ ಇತ್ತು. ನಿದ್ದೆ ಬಾರದೆ ಒದ್ದಾಡುವವರು ಅವರಲ್ಲಿ ತುಂಬಾ ಕಡಿಮೆ. ಅಷ್ಟರಮಟ್ಟಿಗೆ ನಿಮ್ಮ ಮಾತು ನಿಜ.

ಉಳಿದದ್ದಕ್ಕೆ ಬರುತ್ತೇನೆ. ಹಳೆಯ ಕಷ್ಟವನ್ನು ತೋರಿಸಿ ಈಗಿನವರ ಬಾಯಿ ಮುಚ್ಚಿಸುವುದು ನನಗೆ ತುಂಬಾ ಬೇಜಾರಿನ ವಿಷಯ. ಆ ಕಷ್ಟ ಹೋದದ್ದೇ ಯಾರೋ ಅದನ್ನು ಒಪ್ಪಿಕೊಳ್ಳದೆ ಹಟ ಹಿಡಿದದ್ದರಿಂದ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನುವ ವೈದ್ಯ ಇದ್ದ. ಅವನ ಹೆರಿಗೆ ವಾರ್ಡಿನಲ್ಲಿ 1847ರ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18 ತಾಯಂದಿರು ಸತ್ತರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದಾರೆ, ಅದೇ ಕಾರಣ ಅಂತ ಅವನಿಗೆ ಹೊಳೆಯಿತು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಒಳಗೆ ಬರುವಂತಿಲ್ಲ ಅಂದ. ಜೂನ್ ಹೊತ್ತಿಗೆ ಆ ಲೆಕ್ಕ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ದೊಡ್ಡ ವೈದ್ಯರು ಅವನನ್ನು ನಂಬಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. "ಹೆರಿಗೆ ಅಂದರೆ ಹಾಗೇನೇ, ಮೊದಲಿಂದಲೂ ಹಾಗೇ ನಡೆದಿದೆ" ಅಂತ ಅವನೂ ಸುಮ್ಮನಿರಬಹುದಿತ್ತಲ್ವಾ?

ಎಂಟು ಗಂಟೆ ಕೆಲಸವೂ ಹಾಗೇ ಬಂದದ್ದು. ಕಾರ್ಖಾನೆಗಳಲ್ಲಿ ಹನ್ನೆರಡು, ಹದಿನಾಲ್ಕು ಗಂಟೆ ದುಡಿಯುತ್ತಿದ್ದವರು ದಶಕಗಟ್ಟಲೆ ಹೋರಾಡಿದ ಮೇಲೆ, 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ ಬರೆಯಿತು. ಅವರ ಅಪ್ಪಂದಿರು ಅದಕ್ಕಿಂತ ಕಷ್ಟದ ಕೂಲಿ ಮಾಡಿದ್ದರೋ ಏನೋ. ಅದನ್ನು ಹೇಳಿ ಅವರನ್ನು ಸುಮ್ಮನಿರಿಸಿದ್ದರೆ ನಮಗೆ ಇವತ್ತು ಸಂಜೆ ಅನ್ನುವುದೇ ಇರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಜ್ವರದ ಪ್ರಶ್ನೆ ಖಂಡಿತ ಕೇಳುತ್ತೇನೆ. ಆದರೆ ರಜೆಯ ದಿನದ ಮೆಸೇಜಿಗೆ ಏನು ಮಾಡುವುದು? ಉತ್ತರ ಕೊಡದಿದ್ದರೆ ಕೆಲಸದಲ್ಲಿ ಆಸಕ್ತಿ ಇಲ್ಲ ಅನ್ನುತ್ತಾರೆ.

ಉತ್ತರ 4

ಒಬ್ಬರೇ ಹೇಳಿದರೆ ಹಾಗೇ ಅನ್ನುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ಸೇರಿಸಿಕೊಂಡು ಕೇಳಿ. ಇದೇನು ಕೇಳಬಾರದ ಬೇಡಿಕೆ ಅಲ್ಲ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಇದಕ್ಕೆ ಕಾನೂನಿದೆ, ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್ ಎಷ್ಟರಮಟ್ಟಿಗೆ ಅನ್ನುವುದನ್ನು 50 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳು ನೌಕರರ ಜೊತೆ ಕೂತು ಮಾತಾಡಲೇಬೇಕು. ಆಸ್ಟ್ರೇಲಿಯಾದಲ್ಲೂ 2024ರಲ್ಲಿ ಬಂತು. ಮೊದಲು ಒಂದು ಸಣ್ಣದರಿಂದ ಶುರು ಮಾಡಿ: ನಿಜಕ್ಕೂ ತುರ್ತು ಇದ್ದರೆ ಕಾಲ್ ಮಾಡಲಿ, ಮೆಸೇಜ್ ಹಾಕಿದ್ದಕ್ಕೆಲ್ಲ ಮರುದಿನ ಉತ್ತರ. ತಂಡದಲ್ಲಿ ಎಲ್ಲರೂ ಒಟ್ಟಿಗೆ ಹೀಗೆ ನಡೆದುಕೊಂಡರೆ ಒಬ್ಬರ ಮೇಲೆ ಬೊಟ್ಟು ಮಾಡುವುದು ಕಷ್ಟ.