ಪವರ್ ಬ್ಯಾಂಕ್‌ನಿಂದ ಹೆಡ್‌ಲ್ಯಾಂಪ್ ಉರಿಸುವವರು ನಿಮ್ಮ ಅನುಭವ ಹೇಳಿ

ಪ್ರಶ್ನೆ: ಒಂದು ಹೆಡ್‌ಲ್ಯಾಂಪ್, ಜೊತೆಗೆ ಟೆಂಟ್ ಒಳಗೆ ತೂಗುಹಾಕೋ ಯುಎಸ್‌ಬಿ ದೀಪ, ಎರಡನ್ನೂ 10,000 ಎಂಎಎಚ್ ಪವರ್ ಬ್ಯಾಂಕ್‌ನಿಂದ ಉರಿಸಬೇಕು ಅಂತಿದ್ದೀನಿ. ಟೆಂಟ್ ದೀಪ ಜೋರಾಗಿ ಇಟ್ಟರೆ ತೊಂದರೆ ಇಲ್ಲ. ಮಂದ ಬೆಳಕಿಗೆ ಇಟ್ಟರೆ ಅರ್ಧ ನಿಮಿಷದಲ್ಲಿ ತಾನಾಗೇ ಆರಿಹೋಗುತ್ತೆ. ಬ್ಯಾಂಕ್ ಕೆಟ್ಟಿದೆಯಾ? ಇನ್ನೂ ದೊಡ್ಡದು ತಗೋಬೇಕಾ? ಬಳಸಿ ಗೊತ್ತಿರೋರು ಹೇಳಿ.

* * *

ನಿಮ್ಮ ಬ್ಯಾಂಕ್ ಕೆಟ್ಟಿಲ್ಲ. ಪವರ್ ಬ್ಯಾಂಕ್ ಇರೋದೇ ಫೋನ್ ತುಂಬಿಸೋಕೆ. ಹೊರಗೆ ಹೋಗ್ತಿರೋ ಕರೆಂಟ್ ಒಂದು ಮಟ್ಟಕ್ಕಿಂತ ಇಳಿದರೆ ಫೋನ್ ತುಂಬಿತು ಅಂತ ಲೆಕ್ಕ ಹಾಕಿ ಔಟ್‌ಪುಟ್ ಬಂದ್ ಮಾಡಿಬಿಡುತ್ತೆ. ಬಹಳಷ್ಟು ಬ್ಯಾಂಕ್‌ಗಳಲ್ಲಿ ಆ ಮಟ್ಟ 50ರಿಂದ 100 ಮಿಲಿಆಂಪ್ ಆಸುಪಾಸು. ಜೋರಾಗಿ ಉರಿಯೋ ದೀಪ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತೆ, ಹಾಗಾಗಿ ಆರಲ್ಲ. ಟೆಂಟ್ ಒಳಗೆ ಓದೋಕೆ ಸಾಕಾಗೋ ಮಂದ ಬೆಳಕಿಗೆ 30–40 ಮಿಲಿಆಂಪ್ ಸಾಕು, ಅಲ್ಲೇ ಸಿಕ್ಕಿಬೀಳೋದು. ದೊಡ್ಡ ಬ್ಯಾಂಕ್ ತಂದರೂ ಇದು ತಪ್ಪಲ್ಲ. ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನನ್ನ ಸಲಹೆ, ಮೊದಲು ಒಂದು ಯುಎಸ್‌ಬಿ ಮೀಟರ್ ತಗೊಳ್ಳಿ. ಬ್ಯಾಂಕ್‌ಗೂ ಕೇಬಲ್‌ಗೂ ನಡುವೆ ಸಿಕ್ಕಿಸೋ ಬೆರಳುದ್ದದ ವಸ್ತು. ದೀಪದ ಒಂದೊಂದೇ ಮೋಡ್ ಬದಲಾಯಿಸ್ತಾ ಪರದೆ ನೋಡಿ. ನನ್ನ ಟೆಂಟ್ ದೀಪದಲ್ಲಿ ಜೋರು ಮೋಡ್‌ಗೆ 0.62 ಆಂಪ್ ತೋರಿಸುತ್ತೆ, ಮಧ್ಯಮಕ್ಕೆ 0.21, ಮಂದಕ್ಕೆ 0.04. ಕೊನೆಯ ಅಂಕಿ ಬಂದಮೇಲೂ ಸ್ವಲ್ಪ ಹೊತ್ತು ಎಲ್ಲ ಸರಿ ಇರುತ್ತೆ, ಬ್ಯಾಂಕಿನ ಚುಕ್ಕಿ ದೀಪಗಳೂ ಉರೀತಾ ಇರ್ತವೆ. ಆಮೇಲೆ ಇದ್ದಕ್ಕಿದ್ದಂತೆ ದೀಪ, ಚುಕ್ಕಿ, ಮೀಟರಿನ ಪರದೆ ಎಲ್ಲ ಒಟ್ಟಿಗೇ ಕಪ್ಪು. ಇದನ್ನ ಮನೆಯಲ್ಲೇ ನೋಡಿಟ್ಟುಕೊಂಡರೆ ಯಾವ ಮೋಡ್ ನಂಬಬಹುದು ಅಂತ ಹೊರಡೋ ಮೊದಲೇ ಗೊತ್ತಿರುತ್ತೆ.

ಪರಿಹಾರಕ್ಕೆ ಬಂದರೆ, ಕೆಲವು ಬ್ಯಾಂಕ್‌ಗಳಲ್ಲಿ ಇಯರ್‌ಬಡ್, ಕೈಗಡಿಯಾರಕ್ಕೆ ಅಂತ ಕಡಿಮೆ ಕರೆಂಟ್ ಮೋಡ್ ಇರುತ್ತೆ, ಸಾಮಾನ್ಯವಾಗಿ ಬಟನ್ ಎರಡು ಸಲ ಒತ್ತಿದರೆ ಬರುತ್ತೆ. ಕೈಪಿಡಿ ನೋಡಿ. ಆದರೆ ಕೆಲವದರಲ್ಲಿ ಆ ಮೋಡ್‌ಗೂ ಸಮಯದ ಮಿತಿ ಇದೆ, ಗಂಟೆಗಳ ನಂತರ ಅದೂ ನಿಲ್ಲುತ್ತೆ. ಕೆಲವರು ರೆಸಿಸ್ಟರ್ (ಕರೆಂಟ್ ಎಳೆದು ಶಾಖ ಮಾಡೋ ಚಿಕ್ಕ ಬಿಡಿಭಾಗ) ಹಾಕಿ, ಬ್ಯಾಂಕ್ ಬಂದ್ ಆಗದಿರಲಿ ಅಂತ ಸುಳ್ಳು ಹೊರೆ ಕೊಡ್ತಾರೆ. ನನಗೆ ಅದು ಇಷ್ಟವಿಲ್ಲ. 5 ವೋಲ್ಟ್‌ಗೆ 100 ಮಿಲಿಆಂಪ್ ಅಂದರೆ ಅರ್ಧ ವ್ಯಾಟ್. ಹತ್ತು ಗಂಟೆಗೆ 5 ವ್ಯಾಟ್-ಅವರ್ ಬರೀ ಶಾಖವಾಗಿ ಹೋಗುತ್ತೆ. ಅದಕ್ಕಿಂತ ದೀಪವನ್ನೇ ಒಂದು ಮೆಟ್ಟಿಲು ಜೋರು ಮಾಡಿ ಟೆಂಟಿನ ಮೇಲ್ಭಾಗಕ್ಕೆ ತಿರುಗಿಸಿ. ಬಟ್ಟೆಗೆ ಬಡಿದು ಬರೋ ಬೆಳಕು ಕಣ್ಣಿಗೂ ಹಿತ.

ಹೆಡ್‌ಲ್ಯಾಂಪ್ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಹೇಳ್ತೀನಿ: ಒಳಗೆ ತನ್ನದೇ ಸೆಲ್ ಇರೋದನ್ನೇ ಬಳಸಿ, ಬ್ಯಾಂಕ್‌ನಿಂದ ಆ ಸೆಲ್ ತುಂಬಿಸಿ. ಮನೆ ಮೇಲಿನ ನೀರಿನ ತೊಟ್ಟಿ ಇದ್ದ ಹಾಗೆ, ಪಂಪ್ ನಿಂತರೂ ನಲ್ಲಿ ನಿಲ್ಲಲ್ಲ. ಕಲ್ಲುಬಂಡೆ ಇಳೀತಿರೋವಾಗ ಬ್ಯಾಂಕ್ ಔಟ್‌ಪುಟ್ ಬಂದ್ ಮಾಡಿದರೂ ನಿಮಗೆ ಗೊತ್ತೇ ಆಗಲ್ಲ, ಬೆಳಕು ಹಾಗೇ ಇರುತ್ತೆ.

* * *

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಕೆ. ಎಲ್ಲ ಹೆಡ್‌ಲ್ಯಾಂಪೂ ಚಾರ್ಜ್ ಆಗ್ತಿರೋವಾಗ ಉರಿಯಲ್ಲ. ಕೆಲವು ಕೇಬಲ್ ಸಿಕ್ಕಿಸಿದ ತಕ್ಷಣ ಆರಿಹೋಗ್ತವೆ, ಕೆಲವು ಮಂದ ಮೋಡ್‌ನಲ್ಲಿ ಮಾತ್ರ ಉರೀತವೆ. ಡಬ್ಬಿ ಮೇಲೆ ಇದನ್ನ ಬರೆದಿರೋದು ಅಪರೂಪ. ಕೊಳ್ಳೋವಾಗ ಕೇಬಲ್ ಹಾಕಿ, ಆನ್ ಮಾಡಿ ನೋಡಲೇಬೇಕು.

* * *

ಎಷ್ಟು ಹೊತ್ತು ಬರುತ್ತೆ ಅನ್ನೋ ಲೆಕ್ಕ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. 10,000 ಎಂಎಎಚ್ ಅನ್ನೋದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಅಂದರೆ 37 ವ್ಯಾಟ್-ಅವರ್. ಹೊರಗೆ ಬರೋದು 5 ವೋಲ್ಟ್, ಆ ಏರಿಕೆಯಲ್ಲಿ ನಷ್ಟ ಇದೆ. ಶೇಕಡಾ 85 ಕೈಗೆ ಸಿಕ್ಕರೆ ಸುಮಾರು 31 ವ್ಯಾಟ್-ಅವರ್, ಅಂದರೆ 5 ವೋಲ್ಟ್‌ನಲ್ಲಿ 6,300 ಎಂಎಎಚ್ ಹತ್ತಿರ. ದೀಪ 0.3 ಆಂಪ್ ಎಳೆದರೆ 20 ಗಂಟೆ ಚೂರು ಮೇಲೆ.

ಹೆಡ್‌ಲ್ಯಾಂಪಿನ ಸೆಲ್ ತುಂಬಿಸೋ ದಾರಿಯಲ್ಲಿ ಇನ್ನೊಂದು ನಷ್ಟ ಸೇರುತ್ತೆ. ಚಿಕ್ಕ ದೀಪಗಳ ಚಾರ್ಜರ್ ಬಹುತೇಕ ಲೀನಿಯರ್, 5 ವೋಲ್ಟ್‌ಗೂ ಸೆಲ್‌ನ ವೋಲ್ಟೇಜ್‌ಗೂ ಇರೋ ವ್ಯತ್ಯಾಸವನ್ನ ಶಾಖ ಮಾಡಿ ಬಿಸಾಕುತ್ತೆ. ಚಾರ್ಜ್ ಆಗೋವಾಗ ದೀಪದ ಮೈ ಬೆಚ್ಚಗಾಗೋದು ಅದಕ್ಕೇ. 3,000 ಎಂಎಎಚ್‌ನ 18650 ಅನ್ನೋ ಅಳತೆಯ ಸೆಲ್‌ಗೆ ಬ್ಯಾಂಕ್‌ನಿಂದಲೂ 3,000 ಎಂಎಎಚ್ ಬೇಕು, 5 ವೋಲ್ಟ್ ಲೆಕ್ಕದಲ್ಲಿ. ಹಾಗಾಗಿ ನಿಮ್ಮ ಬ್ಯಾಂಕ್‌ನಿಂದ ಎರಡು ಸಲ ತುಂಬುತ್ತೆ, ಮೂರು ಸಲ ಅಂತ ನಂಬಿ ಹೊರಡಬೇಡಿ. ಸೆಲ್ ತೆಗೆಯೋಕೆ ಬರೋ ಹೆಡ್‌ಲ್ಯಾಂಪ್ ಆದರೆ, 50 ಗ್ರಾಂ ಒಳಗಿನ ಇನ್ನೊಂದು ಸೆಲ್ ಡಬ್ಬಿಯಲ್ಲಿ ಹಾಕಿ ಒಯ್ಯೋದೇ ಲಾಭ. ಯಾವ ನಷ್ಟವೂ ಇಲ್ಲ, ಬದಲಾಯಿಸೋಕೆ ಅರೆನಿಮಿಷ.

* * *

ಚಳಿ ಜಾಗಕ್ಕೆ ಹೋಗೋರು ಗಮನಿಸಿ. ಲಿಥಿಯಂ-ಅಯಾನ್ ಸೆಲ್ ಚಳಿಯಲ್ಲಿ ಸೊರಗುತ್ತೆ. ಬ್ಯಾಂಕ್ ಅನ್ನ ಒಳಗಿನ ಜೇಬಲ್ಲಿ ಮೈಗೆ ಹತ್ತಿಸಿ ಇಟ್ಟು, ಕೇಬಲ್ ಮಾತ್ರ ಕುತ್ತಿಗೆ ಹಿಂದಿನಿಂದ ತಲೆಗೆ ತಂದರೆ ಬ್ಯಾಂಕ್ ಬೆಚ್ಚಗೂ ಇರುತ್ತೆ, ತಲೆ ಮೇಲಿನ ಭಾರವೂ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಲ್ಯಾಂಪ್‌ನ ಸೆಲ್ ಚಾರ್ಜ್ ಮಾಡಬೇಡಿ. ಉರಿಸೋದು ಬೇರೆ, ತುಂಬಿಸೋದು ಬೇರೆ. ಆ ಚಳಿಯಲ್ಲಿ ಚಾರ್ಜ್ ಆದ ಸೆಲ್ ಒಳಗೊಳಗೇ ಶಾಶ್ವತವಾಗಿ ಹಾಳಾಗುತ್ತೆ. ಮಲಗೋ ಚೀಲದೊಳಗೆ ಲ್ಯಾಂಪ್ ಬೆಚ್ಚಗಾದ ಮೇಲೆ ತುಂಬಿಸಿ.

ಕೇಬಲ್ ಬಗ್ಗೆಯೂ ಜಾಗ್ರತೆ. ಒಂದು ಮೀಟರ್ ಉದ್ದದ ಕೇಬಲ್‌ನಲ್ಲಿ 28 ಗೇಜ್‌ನ ಸಣ್ಣ ತಂತಿ ಇದ್ದರೆ, ಹೋಗಿ ಬರೋ ದಾರಿ ಸೇರಿ 1 ಆಂಪ್‌ಗೆ 0.4 ವೋಲ್ಟ್‌ಗೂ ಹೆಚ್ಚು ಅಲ್ಲೇ ಕಳೆದುಹೋಗುತ್ತೆ. 22 ಗೇಜ್‌ನ ದಪ್ಪ ತಂತಿ ಆದರೆ 0.1 ಅಷ್ಟೇ. ಲ್ಯಾಂಪಿನ ಕಡೆ ಎಲ್ ಆಕಾರದ ಪ್ಲಗ್ ಇರಲಿ, ನೇರ ಪ್ಲಗ್ ಕೊಂಬೆಗೆ ಸಿಕ್ಕಿಕೊಂಡರೆ ಪೋರ್ಟೇ ಕಿತ್ತುಬರುತ್ತೆ. ಪಟ್ಟಿಗೆ ಒಂದು ಕ್ಲಿಪ್ ಹಾಕಿ, ಕುತ್ತಿಗೆ ಹತ್ತಿರ ಸ್ವಲ್ಪ ಸಡಿಲ ಬಿಡಿ.

* * *

ಕೇಳಿದ್ದು ನಾನೇ. ಎಲ್ಲರಿಗೂ ಧನ್ಯವಾದ, ಮೀಟರ್ ತರಿಸ್ತೀನಿ. ಇನ್ನೊಂದು ವಿಚಿತ್ರ: ಎರಡೂ ತುದಿ ಟೈಪ್-ಸಿ ಇರೋ ಕೇಬಲ್ ಹಾಕಿದರೆ ಹೆಡ್‌ಲ್ಯಾಂಪ್ ಚಾರ್ಜೇ ಆಗಲ್ಲ. ಹಳೇ ಚಪ್ಪಟೆ ಪ್ಲಗ್‌ನ ಕೇಬಲ್ ಹಾಕಿದರೆ ಆಗುತ್ತೆ. ಕೇಬಲ್ ದೋಷವಾ?

* * *

ಕೇಬಲ್ ಸರಿಯಾಗೇ ಇದೆ, ಲ್ಯಾಂಪ್ ತಯಾರಕರು ಎರಡು ಚಿಲ್ಲರೆ ರೆಸಿಸ್ಟರ್ ಉಳಿಸಿದ್ದಾರೆ. ಬ್ಯಾಂಕಿನ ಸಿ ಪೋರ್ಟ್ ಆ ಕಡೆ 5.1 ಕಿಲೋಓಮ್‌ನ ಆ ರೆಸಿಸ್ಟರ್ ಕಂಡರೆ ಮಾತ್ರ ವಿದ್ಯುತ್ ಬಿಡುತ್ತೆ. ಚಪ್ಪಟೆ ಎ ಪೋರ್ಟ್ ಅದನ್ನೆಲ್ಲ ಕೇಳಲ್ಲ. ಎ ಪೋರ್ಟ್ ಇರೋ ಬ್ಯಾಂಕ್ ಕೈಬಿಡಬೇಡಿ, ಆ ಕೇಬಲನ್ನ ಲ್ಯಾಂಪ್ ಜೊತೆಗೇ ಕಟ್ಟಿಡಿ.

* * *

ಮಳೆಯಲ್ಲಿ ಕೇಬಲ್ ಹಾಕಿಕೊಂಡು ನಡೆಯೋದು ಬೇಡ. ನೀರು ತಡೆಯೋ ಮಟ್ಟ ಹೇಳೋ ಐಪಿಎಕ್ಸ್ ಅಂಕಿ ಎಷ್ಟೇ ಇದ್ದರೂ ಚಾರ್ಜಿಂಗ್ ಪೋರ್ಟಿಗೆ ರಬ್ಬರ್ ಮುಚ್ಚಳ ಇರೋ ಲ್ಯಾಂಪ್‌ನಲ್ಲಿ ಅದು ಮುಚ್ಚಳ ಹಾಕಿದ್ದಾಗಿನ ಮಾತು. ಎರಡು ಪೋರ್ಟ್ ಇರೋ ಬ್ಯಾಂಕ್ ಆದರೆ ಇನ್ನೂ ಒಂದು: ಒಂದರಲ್ಲಿ ದೀಪ ಉರೀತಿರೋವಾಗ ಇನ್ನೊಂದಕ್ಕೆ ಫೋನ್ ಸಿಕ್ಕಿಸಿದರೆ, ವೇಗದ ಚಾರ್ಜಿಂಗ್ ಇರೋ ಎಷ್ಟೋ ಬ್ಯಾಂಕ್‌ಗಳು ಎರಡೂ ಕಡೆ ಒಂದು ಕ್ಷಣ ಕರೆಂಟ್ ಕಡಿದು ಮತ್ತೆ ಕೊಡ್ತವೆ. ಟೆಂಟ್ ದೀಪ ಆ ಕ್ಷಣದಲ್ಲಿ ಆರಿ, ಕೆಲವು ಮಾದರಿಗಳಲ್ಲಿ ಮತ್ತೆ ಬಟನ್ ಒತ್ತೋ ತನಕ ಹೊತ್ತಿಕೊಳ್ಳಲ್ಲ. ಫೋನ್ ಮೊದಲು ಸಿಕ್ಕಿಸಿ, ದೀಪ ಆಮೇಲೆ.