ಅಪ್‌ಡೇಟ್: ದಾವಣಗೆರೆ ಮನೆಯ ಗುಂಯ್‌ಗುಡುವ ಬೇಸ್ ಹದಕ್ಕೆ ಬಂತು

ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ವಿದ್ಯಾನಗರದ ನಮ್ಮ ಹಾಲ್‌ನಲ್ಲಿ ಸ್ಪೀಕರ್‌ಗೆ ತಬಲಾ ಹಾಕಿದರೆ ಬೇಸ್ (ತಗ್ಗು ಸ್ವರ) ಗುಂಯ್ ಅಂದು ಡೊಳ್ಳು ಬಡಿದ ಹಾಗೆ ಕೇಳುತ್ತೆ, ಏನು ಮಾಡಲಿ ಅಂತ. ಸರಿಹೋಯಿತು.

ಫೋನ್ ಮೈಕ್‌ನಲ್ಲಿ ಅಳೆದದ್ದು ದಂಡ, ಒಂದೊಂದು ಸಲ ಒಂದೊಂದು ಗೆರೆ. ಗೆಳೆಯನ ಯುಮಿಕ್-1 ಅನ್ನೋ ಅಳತೆ ಮೈಕ್ ತಂದು, ಅದರ ಕ್ಯಾಲಿಬ್ರೇಶನ್ ಫೈಲ್ (ಮೈಕ್‌ನ ತಪ್ಪು ಸರಿಪಡಿಸುವ ಫೈಲ್) ಹಾಕಿ, ಕೋಣೆಯ ಸದ್ದು ಅಳೆಯೋಕೆ ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಝಾರ್ಡ್ ಸಾಫ್ಟ್‌ವೇರ್‌ನಲ್ಲಿ ಅಳೆದೆ. ಗೆರೆಯಲ್ಲಿ 47 ಹರ್ಟ್ಝ್ ಹತ್ತಿರ ದೊಡ್ಡ ಗುಡ್ಡ, ಅಂದರೆ ಆ ಸ್ವರ ಜೋರು; 70ರ ಹತ್ತಿರ ಗುಂಡಿ, ಅಂದರೆ ಅದು ಕ್ಷೀಣ. ಹಾಲ್ ಉದ್ದ 12 ಅಡಿ. ಶಬ್ದದ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಬರೋದೂ 47! ಎದುರುಬದುರು ಗೋಡೆಗಳ ನಡುವೆ ಆ ಸ್ವರ ಪುಟಿದು ಜೋರಾಗೋದು. ಗುಡ್ಡದ ತಪ್ಪು ಸ್ಪೀಕರ್‌ದಲ್ಲ, ಗೋಡೆಗಳದ್ದು.

ಕಂಪ್ಯೂಟರ್‌ನಲ್ಲಿ ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್ ಎಪಿಒ ಸಾಫ್ಟ್‌ವೇರ್‌ನಲ್ಲಿ ಫಿಲ್ಟರ್ ಹಾಕಿ ಗುಡ್ಡವನ್ನು 8 ಡಿಬಿ (ಡೆಸಿಬೆಲ್) ಇಳಿಸಿದೆ, ಗುಂಯ್ ಮಾಯ. ಗುಂಡಿ ಮಾತ್ರ ತುಂಬಲಿಲ್ಲ. ಏರಿಸಿದಷ್ಟೂ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್, ಸಬ್) ಒದ್ದಾಡಿತು ಅಷ್ಟೇ. ಅಲ್ಲಿ ಗೆದ್ದದ್ದು ‘ಸಬ್ ಅನ್ನು ಸೋಫಾ ಮೇಲಿಟ್ಟು ಗೋಡೆ ಸುತ್ತ ಅಂಬೆಗಾಲಿಟ್ಟು ಕೇಳಿ’ ಅಂತ ಇಲ್ಲಿ ಉತ್ತರಿಸಿದವರ ಸಲಹೆ; ಬೇಸ್ ಹದವಾಗಿ ಕೇಳುವ ಜಾಗವೇ ಸಬ್ ಇಡುವ ಜಾಗ. ಅಮ್ಮ ನೋಡಿ, "ಏನ್ ಕಳ್ಕಂಡಿಯೋ?" ಅಂದರು. ಸಬ್ ಮೂಲೆಯಿಂದ ಎರಡಡಿ ಸರಿಯಿತು, ಗುಂಡಿ ಅರ್ಧ ಮುಚ್ಚಿತು. ಮತ್ತೆ ಅಳೆದು ಫಿಲ್ಟರ್ ಹೊಸದಾಗಿ ಹಾಕಿದೆ.

ಮೊಟ್ಟೆ ಟ್ರೇ ಅಂಟಿಸಿದ್ದು ಸುಮ್ನೆ ಕೆಲಸ. ಆದರೆ ಅಮ್ಮನ ಹಳೇ ಹತ್ತಿ ಗಾದಿ ಗೋಡೆಗೆ ಒರಗಿಸಿದ ಮೇಲೆ, ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಠಣ್ ಸದ್ದು ಹೋಗಿದೆ. ನೆಂಟರು ಬಂದರೆ ಮಾತ್ರ ಗಾದಿ ವಾಪಸ್ ಕೊಡಬೇಕಂತೆ.