351 ಇದ್ದರೂ ಅಡಿಕೆ ಹೇಗೆ ಬರ್ತದೆ?

ಸುಬ್ರಾಯ ಮಾವ: [ಫಾರ್ವರ್ಡ್: “ಅಡಿಕೆಯ ಕನಿಷ್ಠ ಆಮದು ಬೆಲೆ ಕೆಜಿಗೆ 351 ರೂಪಾಯಿ ಇದ್ದದ್ದನ್ನು 500 ಮಾಡಿ, ಬೆಳೆಗಾರರನ್ನು ಉಳಿಸಿ”]
ಎಲ್ಲರೂ ನಾಲ್ಕು ಗುಂಪಿಗೆ ಹಾಕಿ.

ವೀಣಾ: ಮಾವ, ಹಾಕೋ ಮೊದಲು ಒಂದು ಮಾತು. ಇದಕ್ಕಿಂತ ಕಮ್ಮಿ ಬೆಲೆಗೆ ಹೊರಗಿನ ಅಡಿಕೆ ತರೋ ಹಾಗಿಲ್ಲ ಅಂತ 2017ರಲ್ಲಿ ಕೆಜಿಗೆ 251 ಮಾಡಿದ್ರು, 2023ರ ಫೆಬ್ರವರಿಯಲ್ಲಿ 351. ಮಾಲು ಬರೋದು ನಿಂತಿತಾ?

ಸುಬ್ರಾಯ ಮಾವ: ನಿಲ್ಲಲಿಲ್ಲ ಅಂತಲೇ 500 ಕೇಳ್ತಿರೋದು ಮಾರಾಯ್ತಿ.

ಹರೀಶ: ಲೆಕ್ಕ ಮಾವನ ಕಡೆಗೇ ಇದೆ ವೀಣಕ್ಕ. ಹೊರಗೆ 200ಕ್ಕೆ ಸಿಗೋ ಅಡಿಕೆಗೆ 351 ತೋರಿಸ್ಬೇಕು, ಅದರ ಮೇಲೆ 100% ಸುಂಕ. 702 ಆಯ್ತು. 500 ಮಾಡಿದ್ರೆ 1,000. ಯಾರು ತರ್ತಾರೆ?

ವೀಣಾ: ಎಡವಿದ್ದು ಅಲ್ಲೇ. ಸುಂಕ 351ರ ಮೇಲೆ ಬೀಳೋದಲ್ಲ. ಖಾದ್ಯ ತೈಲ, ಚಿನ್ನ, ಬೆಳ್ಳಿಗೆ ಇರೋ ಹಾಗೆ ಅಡಿಕೆಗೂ ಟ್ಯಾರಿಫ್ ವ್ಯಾಲ್ಯೂ ಇದೆ, ಅಂದ್ರೆ ಸುಂಕದ ಲೆಕ್ಕಕ್ಕೆ ಸರ್ಕಾರವೇ ಗೊತ್ತು ಮಾಡೋ ಬೆಲೆ, ಕಸ್ಟಮ್ಸ್ ಕಾಯ್ದೆಯ 14(2). ಹದಿನೈದು ದಿನಕ್ಕೊಮ್ಮೆ ಅಧಿಸೂಚನೆ ಬರ್ತದೆ. ಇನ್‌ವಾಯ್ಸಲ್ಲಿ ಏನೇ ಇರಲಿ, ಸುಂಕ ಆ ಅಂಕಿಯ ಮೇಲೆ. ಲೆಕ್ಕಕ್ಕೆ ಟನ್ನಿಗೆ 8,000 ಡಾಲರ್, ಡಾಲರಿಗೆ 85 ಇಟ್ಕೋ. ಕೆಜಿಗೆ 680 ಬರೀ ಸುಂಕವೇ ಆಯ್ತು. ಪೂರ್ತಿ ಸುಂಕ ಕಟ್ಟಿ ತರೋನು ಈಗಲೇ ಸತ್ತ ಹಾಗೆ. ಅವನ ಮೇಲೆ ಇನ್ನೂ 149 ಹೇರಿ ಏನು ಸಿಗ್ತದೆ?

ಹರೀಶ: ಹಾಗಾದ್ರೆ ಬರೋ ಮಾಲು ಯಾರದ್ದು?

ವೀಣಾ: ಸುಂಕ ಕಟ್ಟದವರದ್ದು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಅಲ್ಲಿ ಬೆಳೆದ ಅಡಿಕೆ ಅಂತ ಮೂಲ ಪ್ರಮಾಣಪತ್ರ ತಂದ್ರೆ ಸುಂಕ ಸೊನ್ನೆ. ಇಂಡೊನೇಷ್ಯಾದ ಅಡಿಕೆಗೆ ಅಲ್ಲಿ ಚೀಲ ಬದಲಾಗಿ ಇಲ್ಲಿಗೆ ಬರೋ ಆಟ ಇದರಿಂದಲೇ. ಈಗ ನಿನ್ನ 200 ತಗೋ. ಈ ದಾರಿಯಲ್ಲಿ ತರೋನು ಬ್ಯಾಂಕಿನ ಮೂಲಕ 351 ಕಳಿಸ್ತಾನೆ, ಮೇಲಿನ 151 ಹವಾಲಾದಲ್ಲಿ ವಾಪಸು. ಆಮದಿನ ಮೇಲಿನ ಜಿಎಸ್‌ಟಿ (ಐಜಿಎಸ್‌ಟಿ) 5% ಬಿದ್ದರೂ ಟ್ಯಾರಿಫ್ ವ್ಯಾಲ್ಯೂ ಮೇಲೆ, 34 ರೂಪಾಯಿ, ಅದನ್ನೂ ಮುಂದೆ ಮಾರುವಾಗ ಕಟ್ಟೋ ಜಿಎಸ್‌ಟಿಯಲ್ಲಿ ವಜಾ ಮಾಡ್ಕೋಬಹುದು. ಬೆಲೆ 500 ಮಾಡಿದ್ರೆ ಅವನ ತೆರಿಗೆ ಒಂದು ಪೈಸೆ ಏರಲ್ಲ. ಹೊರಗೆ ದಾಟಿಸೋ ಹಣ 151 ಹೋಗಿ 300 ಆಗ್ತದೆ. ಕಪ್ಪು ಹಣದವನಿಗೆ ಮಾವನ ಪೋಸ್ಟರ್ ಹಬ್ಬ.

ಸುಬ್ರಾಯ ಮಾವ: ಹಾಗಾದ್ರೆ ಸುಂಕವನ್ನೇ 200% ಮಾಡ್ಲಿ.

ವೀಣಾ: ಆಗಲ್ಲ ಮಾವ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ (ಡಬ್ಲ್ಯುಟಿಒ) ಭಾರತ ಒಪ್ಪಿಕೊಂಡ ಸುಂಕದ ಮಿತಿ ಸಾಮಾನ್ಯವಾಗಿ ಕಚ್ಚಾ ಬೆಳೆಗೆ 100, ಸಂಸ್ಕರಿಸಿದ್ದಕ್ಕೆ 150, ಖಾದ್ಯ ತೈಲಕ್ಕೆ 300. ಇನ್ನೊಂದು, ಅದರದ್ದೇ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿಯಲ್ಲಿ ಕನಿಷ್ಠ ಆಮದು ಬೆಲೆ ಕೂಡದು ಅಂತ ಹೆಸರು ಹಿಡಿದೇ ಬರೆದಿದೆ. ಇದೇ ವಿಧಿಯಡಿ ಚಿಲಿ ದೇಶದ ಪ್ರೈಸ್ ಬ್ಯಾಂಡ್ ಪದ್ಧತಿ (ಬೆಲೆಗೆ ಮೇಲೊಂದು, ಕೆಳಗೊಂದು ಗೆರೆ ಇಟ್ಟು ಸುಂಕ ಏರಿಳಿಸೋದು) ಕೇಸಲ್ಲಿ ಸೋತಿದೆ. ಸುಮ್ಮನೆ ಕೆದಕಬಾರದ ಜಾಗ ಅದು.

ಶಾಂತತ್ತೆ: ಅಪ್ಪೆಮಿಡಿ ಯಾರ್ಯಾರಿಗೆ ಬೇಕು ಅಂತ ಕೇಳಿ ಎರಡು ದಿನ ಆಯ್ತು. ಅದಕ್ಕೊಂದು ಉತ್ತರ ಇಲ್ಲ.

ಹರೀಶ: ಅತ್ತೆ, ನಂಗೆ 200 ಕಾಯಿ 🙏 ಅಕ್ಕಾ, ಹುರಿದ ಅಡಿಕೆ ಅಂತ ಬರ್ತಿತ್ತಲ್ಲ, ಅದು?

ವೀಣಾ: ಅದು ನಿಜವಾದ ತೂತು. ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಬೇಯಿಸಿ ಒಣಗಿಸಿದ್ದು ಅಧ್ಯಾಯ 8, ಕೋಡ್ 0802. ಹುರಿದದ್ದು ಅಧ್ಯಾಯ 20, ಕೋಡ್ 2008. ಕೆಡದ ಹಾಗೆ ಹದವಾಗಿ ಶಾಖ ಕೊಟ್ಟಿದ್ರೆ 8ರಲ್ಲೇ ಉಳೀತದೆ. ಹುರಿದದ್ದಾ, ಬಿಸಿ ತಾಗಿಸಿದ್ದಾ ಅನ್ನೋದು ಲ್ಯಾಬಿನ ಜಗಳ. ಕೋಡ್ ಬದಲಾದ್ರೆ ಟ್ಯಾರಿಫ್ ವ್ಯಾಲ್ಯೂ ಇಲ್ಲ, 351ರ ಮಿತಿಯೂ ಇರಲಿಲ್ಲ. 2025ರ ಏಪ್ರಿಲ್‌ನಲ್ಲಷ್ಟೇ ಹುರಿದದ್ದಕ್ಕೂ 351 ಹಾಕಿದ್ರು. ಇದಕ್ಕೆ ಮಾತ್ರ ಆ ಬೆಲೆ ಕೆಲಸಕ್ಕೆ ಬರ್ತದೆ ಅಂತ ಒಪ್ತೇನೆ.

ಸುಬ್ರಾಯ ಮಾವ: ಭೂತಾನದಿಂದ ವರ್ಷಕ್ಕೆ ತರಬಹುದು ಅಂತ ಬಿಟ್ಟ 17,000 ಟನ್ ಮರೆತೆಯಲ್ಲ? ಅದಕ್ಕೆ ಈ ಬೆಲೆಯ ಶರತ್ತೇ ಇಲ್ಲ.

ವೀಣಾ: ಮರೆತಿಲ್ಲ. ಅದು ಜೈಗಾಂವ್ ಗಡಿಯಿಂದ ಬರೋ ಹಸಿ ಅಡಿಕೆ ಮಾವ. ಸಿಪ್ಪೆ, ನೀರು ಕಳೆದು ನಾಲ್ಕನೇ ಒಂದು ಪಾಲು ಉಳಿದ್ರೂ 4,250 ಟನ್. ನಮ್ಮ ದೇಶದ ಬೆಳೆ 10 ಲಕ್ಷ ಟನ್ ಮೀರ್ತದೆ. ಗಲಾಟೆ ಹೆಚ್ಚು, ಮಾಲು ಕಮ್ಮಿ.

ಹರೀಶ: ಸರಿ, ಮೂಲ ಪ್ರಮಾಣಪತ್ರ ಸುಳ್ಳಾದ್ರೆ ಹಿಡಿಯೋಕೆ ಕಾನೂನಿಲ್ವಾ?

ವೀಣಾ: ಇದೆ. ಕಸ್ಟಮ್ಸ್ ಕಾಯ್ದೆಯ 28ಡಿಎ ಕಲಂ, ಮಾಲಿನ ಮೂಲ ಪರೀಕ್ಷಿಸೋ ಕ್ಯಾರೊಟಾರ್ ನಿಯಮ, 2020ರ ಸೆಪ್ಟೆಂಬರ್ 21ರಿಂದ. ಎಲ್ಲಿ ಬೆಳೆದದ್ದು ಅನ್ನೋ ವಿವರ ಫಾರ್ಮ್ 1ರಲ್ಲಿ ಆಮದುದಾರನೇ ಇಟ್ಟಿರಬೇಕು, ಐದು ವರ್ಷ ಕಾಯ್ದಿಡಬೇಕು. ಕೆಡೋದು ಎಲ್ಲಿ ಅಂದ್ರೆ, ಇಲ್ಲಿಂದ ಪತ್ರ ಹೋಗ್ತದೆ, ಅಲ್ಲಿಂದ “ಪ್ರಮಾಣಪತ್ರ ನಾವೇ ಕೊಟ್ಟದ್ದು” ಅಂತ ಉತ್ತರ ಬರ್ತದೆ. ಸಹಿ ಅಸಲಿ, ಒಳಗಿನ ಅಡಿಕೆ ನಕಲಿ. ಕೇಳಬೇಕಾದ್ದು ತೋಟದ ದಾಖಲೆ, ಆ ದೇಶಕ್ಕೆ ಬಂದ ಅಡಿಕೆಯ ಬಿಲ್ಲು. ಪೋಸ್ಟರಲ್ಲಿ ಇದನ್ನು ಬರೀರಿ.

ಸುಬ್ರಾಯ ಮಾವ: ಇಷ್ಟು ಬರೆದ್ರೆ ಅದು ಪೋಸ್ಟರ್ ಆಗಲ್ಲ ತಂಗಿ, ತಾಲೂಕು ಆಫೀಸಿನ ಅರ್ಜಿ ಆಗ್ತದೆ. 500 ದೊಡ್ಡಕ್ಷರದಲ್ಲಿ ಇರ್ಲಿ, ಕೆಳಗೆ ನಿಂದೂ ಸಣ್ಣಕ್ಕೆ ಹಾಕಿಸ್ತೇನೆ.

ವೀಣಾ: ಅಯ್ಯೋ ಮಾವ, ತಿರುಗಾ ಮುರುಗಾ ಮಾಡಿ!

ಶಾಂತತ್ತೆ: ಹರೀಶಂಗೆ 200. ಉಳಿದವ್ರು?